ಸಾಕ್ಷ್ಯ ಈಗ ಟವರಿನಲ್ಲಿಲ್ಲ, ಜೇಬಿನಲ್ಲಿದೆ: ಬದಲಾದ ಮೆಸೇಜಿಂಗ್ ಮಾನದಂಡ ಮತ್ತು ನಮ್ಮ ನ್ಯಾಯಾಲಯಗಳು

2025ರ ನವೆಂಬರ್ ಕೊನೆಯಲ್ಲಿ ಬಂದ ಒಂದು ಸುದ್ದಿ ಅನೇಕರನ್ನು ಗಲಿಬಿಲಿಗೊಳಿಸಿತು. ಕಂಪನಿ ಕೊಟ್ಟ ಆಂಡ್ರಾಯ್ಡ್ ಫೋನಿನಿಂದ ನೌಕರರು ಕಳಿಸುವ, ಎಸ್‌ಎಂಎಸ್ ಜಾಗಕ್ಕೆ ಬರುತ್ತಿರುವ, ಇಂಟರ್‌ನೆಟ್ ಮೂಲಕ ಸಾಗುವ ಆರ್‌ಸಿಎಸ್ ಸಂದೇಶಗಳನ್ನು ಕಂಪನಿಯೇ ಸಂಗ್ರಹಿಸಿಟ್ಟುಕೊಳ್ಳುವ ಸೌಲಭ್ಯವನ್ನು ಗೂಗಲ್ ತಂದಿದೆ ಎಂಬುದು ಸುದ್ದಿ. ಇದೇ ಸಂದೇಶಗಳಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ, ಕಳಿಸಿದವರು ಮತ್ತು ಪಡೆದವರ ಹೊರತು ಬೇರಾರೂ ಓದಲಾರರು ಎಂದು ವರ್ಷಗಳಿಂದ ಹೇಳಿಕೊಂಡು ಬರಲಾಗಿದೆ. ಹಾಗಿದ್ದರೆ ಮೇಲಧಿಕಾರಿ ಓದುವುದು ಹೇಗೆ? ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕಲ್ಲವೇ?

ಎರಡೂ ನಿಜ. ಅದು ಹೇಗೆ ಎಂದು ತಿಳಿದುಕೊಂಡರೆ ಪೊಲೀಸ್ ತನಿಖೆ, ವಿಧಿವಿಜ್ಞಾನ ಪ್ರಯೋಗಾಲಯ ಮತ್ತು ಕೋರ್ಟುಗಳು ಇಂದು ಎದುರಿಸುತ್ತಿರುವ ದೊಡ್ಡ ಬದಲಾವಣೆಯೂ ತಿಳಿಯುತ್ತದೆ.

ಬೀಗ ಇರುವುದು ದಾರಿಗೆ

ಎನ್‌ಕ್ರಿಪ್ಷನ್ ಕಾಯುವುದು ಒಂದು ಫೋನಿನಿಂದ ಇನ್ನೊಂದು ಫೋನಿನವರೆಗಿನ ದಾರಿಯನ್ನು. ನಡುವೆ ಇರುವ ಮೊಬೈಲ್ ಕಂಪನಿಗಾಗಲಿ, ಸರ್ವರ್ ನಡೆಸುವವರಿಗಾಗಲಿ ಕಾಣುವುದು ಅರ್ಥವಿಲ್ಲದ ಅಕ್ಷರರಾಶಿ ಮಾತ್ರ. ಆದರೆ ಸಂದೇಶ ಫೋನು ತಲುಪಿದ ಮೇಲೆ ಓದುವವರಿಗಾಗಿ ತೆರೆದುಕೊಳ್ಳಲೇಬೇಕು. ಗೂಗಲ್‌ನ ಹೊಸ ಸೌಲಭ್ಯ ಕೆಲಸ ಮಾಡುವುದು ಆ ಕೊನೆಯಲ್ಲಿ. ಕಂಪನಿಯ ಪೂರ್ಣ ನಿಯಂತ್ರಣದಲ್ಲಿರುವ ಫೋನಿನಲ್ಲಿ ಸಂದೇಶ ಬಂದಾಗ, ಹೋದಾಗ, ತಿದ್ದಿದಾಗ ಅಥವಾ ಅಳಿಸಿದಾಗ ಸಂಗ್ರಹ ಮಾಡುವ ಆ್ಯಪ್‌ಗೆ ಅದು ತಿಳಿಯುತ್ತದೆ. ಸಂಗ್ರಹ ನಡೆಯುತ್ತಿದೆ ಎಂಬ ಸೂಚನೆ ಬಳಕೆದಾರರಿಗೂ ಕಾಣುತ್ತದೆ. ಸ್ವಂತ ಹಣದಲ್ಲಿ ಕೊಂಡ ಫೋನಿಗೆ ಇದು ಅನ್ವಯಿಸುವುದಿಲ್ಲ. ವಾಟ್ಸ್‌ಆ್ಯಪ್‌ಗೂ ಇದಕ್ಕೂ ಸಂಬಂಧವಿಲ್ಲ.

ಇದರ ಅಗತ್ಯವಾದರೂ ಏಕೆ ಬಂತು? ಅಮೆರಿಕದಲ್ಲಿ ಷೇರು ವ್ಯವಹಾರ ನಡೆಸುವ ಸಂಸ್ಥೆಗಳು ತಮ್ಮ ವ್ಯಾವಹಾರಿಕ ಸಂದೇಶಗಳನ್ನೆಲ್ಲ ಕಾದಿಡಬೇಕೆಂಬ ಕಾನೂನಿದೆ. ಅಲ್ಲಿನ ನೌಕರರು ಸ್ವಂತ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ವ್ಯವಹಾರ ಕುದುರಿಸಿದ್ದು ಬಯಲಾದಾಗ 2021ರ ಡಿಸೆಂಬರ್‌ನಲ್ಲಿ ಜೆಪಿ ಮಾರ್ಗನ್ ಸಂಸ್ಥೆಗೆ ಎರಡು ನಿಯಂತ್ರಣ ಸಂಸ್ಥೆಗಳಿಂದ ಒಟ್ಟು 20 ಕೋಟಿ ಡಾಲರ್ ದಂಡ ಬಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇದೇ ತಪ್ಪಿಗೆ 16 ಸಂಸ್ಥೆಗಳು 110 ಕೋಟಿ ಡಾಲರಿಗೂ ಹೆಚ್ಚು ತೆತ್ತವು. ಎಸ್‌ಎಂಎಸ್ ಕಾಲದಲ್ಲಿ ಇಂಥ ದಾಖಲೆಯನ್ನು ಮೊಬೈಲ್ ಕಂಪನಿಯ ಜಾಲದಿಂದಲೇ ಪಡೆಯುವ ಏರ್ಪಾಡು ಸಾಧ್ಯವಿತ್ತು. ಆರ್‌ಸಿಎಸ್‌ಗೆ ಬೀಗ ಬಿದ್ದ ಮೇಲೆ ಜಾಲದಲ್ಲಿ ಪಡೆಯಲು ಏನೂ ಉಳಿಯಲಿಲ್ಲ. ಹಾಗಾಗಿ ಸಂಗ್ರಹದ ಕೆಲಸ ಫೋನಿನೊಳಕ್ಕೇ ಇಳಿಯಿತು.

ಎಸ್‌ಎಂಎಸ್ ಬಿಟ್ಟುಹೋಗುತ್ತಿದ್ದ ಹೆಜ್ಜೆಗುರುತು

ಜಗತ್ತಿನ ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು. ಅಂದಿನಿಂದ ಈ ವ್ಯವಸ್ಥೆಯ ಸ್ವಭಾವ ಹೆಚ್ಚು ಬದಲಾಗಿಲ್ಲ: 160 ಇಂಗ್ಲಿಷ್ ಅಕ್ಷರಗಳ ಮಿತಿ, ನಡುವೆ ಮೊಬೈಲ್ ಕಂಪನಿಯ ಕೇಂದ್ರ, ಬೀಗವಿಲ್ಲದ ಸಾಗಾಟ. ಗೋಪ್ಯತೆಯ ದೃಷ್ಟಿಯಿಂದ ಇದು ಪೋಸ್ಟ್‌ಕಾರ್ಡಿಗೆ ಸಮ. ತನಿಖೆಯ ದೃಷ್ಟಿಯಿಂದ ಮಾತ್ರ ಇದರಲ್ಲೊಂದು ಗುಣವಿತ್ತು. ಪ್ರತಿ ಎಸ್‌ಎಂಎಸ್ ಕರೆ ವಿವರ ದಾಖಲೆಯಲ್ಲಿ, ಅಂದರೆ ಪೊಲೀಸರು ದಿನವೂ ಹೇಳುವ ಸಿಡಿಆರ್‌ನಲ್ಲಿ, ಒಂದು ಸಾಲು ಬರೆಸಿ ಹೋಗುತ್ತಿತ್ತು: ಯಾವ ಸಂಖ್ಯೆಯಿಂದ, ಯಾವ ಸಂಖ್ಯೆಗೆ, ಎಷ್ಟು ಹೊತ್ತಿಗೆ, ಯಾವ ಟವರಿನಡಿ. ನಮ್ಮ ದೇಶದಲ್ಲಿ ಈ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಪರವಾನಗಿ ಷರತ್ತು ತಿದ್ದಿತು.

ಆ ಸಾಲಿನಲ್ಲಿ ಸಂದೇಶದ ಒಕ್ಕಣೆ ಇರುವುದಿಲ್ಲ. ಆದರೂ ಅದರ ಬೆಲೆ ದೊಡ್ಡದು. ಆರೋಪಿಗೂ ಸೇರದ, ದೂರುದಾರರಿಗೂ ಸೇರದ ಮೂರನೆಯವರ ಕಡತದಲ್ಲಿ ಅದು ಇರುತ್ತದೆ. 'ನಾನು ಮೆಸೇಜೇ ಕಳಿಸಿಲ್ಲ' ಎಂದವರ ಮುಂದೆ ಇಡಲು ಅದು ಸಾಕಾಗುತ್ತಿತ್ತು.

ವಾಟ್ಸ್‌ಆ್ಯಪ್ ಈ ಸಾಕ್ಷಿಯನ್ನು ಎಂದೋ ಕಿತ್ತುಹಾಕಿತು. ಈಗ ಫೋನಿನೊಡನೆ ಬರುವ ಸಾಮಾನ್ಯ ಮೆಸೇಜ್ ಪೆಟ್ಟಿಗೆಯೂ ಅದೇ ಹಾದಿ ಹಿಡಿದಿದೆ. ಗೂಗಲ್ ತನ್ನ ಮೆಸೇಜಸ್ ಆ್ಯಪ್‌ನ ಇಬ್ಬರ ನಡುವಿನ ಆರ್‌ಸಿಎಸ್ ಮಾತುಕತೆಗೆ 2021ರಲ್ಲಿ ಎನ್‌ಕ್ರಿಪ್ಷನ್ ಕೊಟ್ಟಿತು. ಆ್ಯಪಲ್ 2024ರ ಸೆಪ್ಟೆಂಬರ್‌ನಲ್ಲಿ ಐಒಎಸ್ 18ರೊಂದಿಗೆ ಆರ್‌ಸಿಎಸ್ ಒಪ್ಪಿಕೊಂಡಿತಾದರೂ ಐಫೋನ್ ಮತ್ತು ಆಂಡ್ರಾಯ್ಡ್ ನಡುವಿನ ಸಂದೇಶಕ್ಕೆ ಆಗ ಬೀಗವಿರಲಿಲ್ಲ. 2025ರ ಮಾರ್ಚ್‌ನಲ್ಲಿ ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟ ಜಿಎಸ್‌ಎಂಎ ಹೊಸ ಮಾನದಂಡ ಪ್ರಕಟಿಸಿ ಎನ್‌ಕ್ರಿಪ್ಷನ್ನನ್ನು ಅದರೊಳಗೇ ಸೇರಿಸಿತು. ಇದಕ್ಕೆ ಆಧಾರವಾದ ಎಂಎಲ್‌ಎಸ್ ಎಂಬ ಪ್ರೋಟೊಕಾಲ್ ಅಂತಿಮಗೊಂಡದ್ದು 2023ರ ಜುಲೈನಲ್ಲಿ. ಇದನ್ನು ಮುಂದಿನ ಅಪ್‌ಡೇಟುಗಳಲ್ಲಿ ಅಳವಡಿಸುವುದಾಗಿ ಆ್ಯಪಲ್ ಆಗಲೇ ಹೇಳಿತು.

ಎಂಎಲ್‌ಎಸ್‌ನ ಒಂದು ಲಕ್ಷಣ ತನಿಖೆಗೆ ನೇರವಾಗಿ ತಟ್ಟುತ್ತದೆ. ಇಲ್ಲಿ ಕೀಲಿಗಳು ಬದಲಾಗುತ್ತಲೇ ಇರುತ್ತವೆ, ಹಳೆಯವನ್ನು ಫೋನು ಎಸೆದುಬಿಡುತ್ತದೆ. ಜಾಲದಲ್ಲಿ ಹಿಡಿದಿಟ್ಟ ಗೂಢ ಅಕ್ಷರಗಳನ್ನು ಮುಂದೆ ಫೋನು ಜಪ್ತಿಯಾದಾಗ ತೆರೆಯೋಣ ಎಂದರೆ ಆಗದು; ಆ ಕೀಲಿ ಅಷ್ಟರಲ್ಲಿ ಎಲ್ಲಿಯೂ ಇರುವುದಿಲ್ಲ. ಫೋನಿನ ಡೇಟಾಬೇಸಿನಲ್ಲಿ ಉಳಿದ ಪ್ರತಿಯೇ ಗತಿ.

ಜಾಲದ ಕಡೆ ಉಳಿಯುವುದು ಇಂಟರ್‌ನೆಟ್ ಬಳಕೆಯ ದಾಖಲೆ, ಐಪಿಡಿಆರ್. ಇಂಥ ಫೋನು ಇಂಥ ಹೊತ್ತಿಗೆ ಇಂಥ ಸರ್ವರನ್ನು ಸಂಪರ್ಕಿಸಿತ್ತು ಎಂಬುದಷ್ಟೇ ಅದರಲ್ಲಿ ಸಿಗುತ್ತದೆ. ಯಾರಿಗೆ ಬರೆದರು ಎಂಬುದು ಸಿಗುವುದಿಲ್ಲ.

ಇನ್ನೊಂದು ತೊಡಕು ಬರಿಗಣ್ಣಿಗೆ ಕಾಣದಂಥದು. ಎದುರಿನವರ ಡೇಟಾ ಆಫ್ ಆಗಿದ್ದರೆ ಆರ್‌ಸಿಎಸ್ ಸಂದೇಶ ಎಸ್‌ಎಂಎಸ್ ಆಗಿ ಹೋಗಬಹುದು. ಪರದೆಯ ಮೇಲೆ ಇಡೀ ಸಂಭಾಷಣೆ ಒಂದೇ ಸಾಲಿನಲ್ಲಿ ಕಾಣುತ್ತದೆ. ಆದರೆ ಹತ್ತರಲ್ಲಿ ಮೂರಕ್ಕೆ ಸಿಡಿಆರ್ ಸಾಕ್ಷಿ ಇದ್ದು ಏಳಕ್ಕೆ ಇಲ್ಲದಿರಬಹುದು. ಇದನ್ನು ತಿಳಿಯದ ವಕೀಲರು ಪಾಟೀ ಸವಾಲಿನಲ್ಲಿ 'ಸಿಡಿಆರ್‌ನಲ್ಲಿ ಮೂರೇ ಇದೆ, ಉಳಿದ ಏಳು ಸೃಷ್ಟಿ' ಎಂದು ವಾದಿಸಿದರೆ, ಇದನ್ನು ತಿಳಿಯದ ತನಿಖಾಧಿಕಾರಿ ಉತ್ತರವಿಲ್ಲದೆ ನಿಲ್ಲಬೇಕಾಗುತ್ತದೆ.

ಡೇಟಾಬೇಸಿನ ಒಂದು ಸಾಲು

ಫೋನಿನೊಳಗೆ ಸಂದೇಶಗಳು ಇರುವುದು ಸಾಮಾನ್ಯವಾಗಿ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್ ಫೈಲಿನಲ್ಲಿ. ಅದರ ಒಂದು ಸಾಲನ್ನು ಹತ್ತಿರದಿಂದ ನೋಡೋಣ. 2025ರ ಜನವರಿ 1ರಂದು, ನಡುರಾತ್ರಿ ಸರಿಯಾಗಿ 12 ಗಂಟೆಗೆ ಬೆಂಗಳೂರಿನಿಂದ ಒಬ್ಬರು ಹೊಸ ವರ್ಷದ ಶುಭಾಶಯ ಕಳಿಸಿದರು ಎನ್ನೋಣ. ಆಂಡ್ರಾಯ್ಡ್ ಫೋನಿನ ಸಮಯದ ಅಂಕಣದಲ್ಲಿ 1735669800000 ಎಂದು ಇರುತ್ತದೆ: 1970ರ ಜನವರಿ 1ರಿಂದ ಕಳೆದ ಮಿಲಿಸೆಕೆಂಡುಗಳು. ಅದೇ ಕ್ಷಣ ಐಫೋನಿನಲ್ಲಿ 757362600000000000 ಎಂದಾಗುತ್ತದೆ, ಏಕೆಂದರೆ ಆ್ಯಪಲ್ 2001ರ ಜನವರಿ 1ರಿಂದ ಲೆಕ್ಕ ಹಿಡಿಯುತ್ತದೆ, ಅದೂ ನ್ಯಾನೊಸೆಕೆಂಡುಗಳಲ್ಲಿ. ಎಣಿಕೆಯ ಆರಂಭ ತಪ್ಪಾಗಿ ಹಿಡಿದರೆ 31 ವರ್ಷಗಳ ವ್ಯತ್ಯಾಸ ಬರುತ್ತದೆ; ಅದು ಯಾರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪು ಬೇರೆ. ಎರಡೂ ಸಂಖ್ಯೆಗಳು ಹೇಳುವುದು ಜಾಗತಿಕ ಸಮಯವನ್ನು. ಅದಕ್ಕೆ ಐದೂವರೆ ಗಂಟೆ ಕೂಡಿಸದೆ ವರದಿ ಮುದ್ರಿಸಿದರೆ ಶುಭಾಶಯ ಹೋದದ್ದು ಡಿಸೆಂಬರ್ 31ರ ಸಂಜೆ ಆರೂವರೆಗೆ ಎಂದಾಗುತ್ತದೆ. ಶುಭಾಶಯದ ಜಾಗದಲ್ಲಿ ಒಂದು ಕೊಲೆ ಬೆದರಿಕೆಯನ್ನು ಇಟ್ಟು ನೋಡಿ. ಆ ಸಂಜೆ ಆರೂವರೆಗೆ ಆರೋಪಿ ಬೇರೆ ಊರಿನ ಮದುವೆಮನೆಯಲ್ಲಿದ್ದದ್ದಕ್ಕೆ ಫೋಟೊ ಇದ್ದರೆ ಇಡೀ ಪ್ರಕರಣ ಅಲ್ಲಿಗೇ ಬಿದ್ದುಹೋಗಬಹುದು.

ಹಿಂದೆ ಆ ಸಾಲು ಒಮ್ಮೆ ಬರೆದರೆ ಬರೆದಂತೆ ಇರುತ್ತಿತ್ತು. ಈಗ ಹಾಗಿಲ್ಲ. ಐಮೆಸೇಜ್‌ನಲ್ಲಿ ಕಳಿಸಿದ 15 ನಿಮಿಷದೊಳಗೆ ಐದು ಸಲ ತಿದ್ದಬಹುದು, ಎರಡು ನಿಮಿಷದೊಳಗೆ ಹಿಂಪಡೆಯಬಹುದು. ವಾಟ್ಸ್‌ಆ್ಯಪ್‌ನಲ್ಲೂ 15 ನಿಮಿಷದವರೆಗೆ ತಿದ್ದುವ ಅವಕಾಶವಿದೆ. ಐಮೆಸೇಜ್ ಹಳೆಯ ರೂಪಗಳನ್ನು ತೋರಿಸುತ್ತದೆ. ವಾಟ್ಸ್‌ಆ್ಯಪ್ ತಿದ್ದಲಾಗಿದೆ ಎಂಬ ಗುರುತನ್ನಷ್ಟೇ ತೋರಿಸುತ್ತದೆ. ಮಾಯವಾಗುವ ಸಂದೇಶಕ್ಕೆ 24 ಗಂಟೆ, 7 ದಿನ, 90 ದಿನಗಳ ಗಡುವನ್ನು ಬಳಕೆದಾರರೇ ಇಡಬಹುದು. ಅಳಿಸಿದ ಸಾಲಿನ ಚೂರುಗಳು ಡೇಟಾಬೇಸಿನ ಖಾಲಿ ಜಾಗದಲ್ಲೋ ಅದರ ಜೊತೆಯ ತಾತ್ಕಾಲಿಕ ಫೈಲಿನಲ್ಲೋ ಸ್ವಲ್ಪ ಕಾಲ ಉಳಿದಿರುತ್ತವೆ, ಹೊಸ ಸಂದೇಶ ಬಂದಂತೆ ಆ ಜಾಗ ತುಂಬಿಹೋಗುತ್ತದೆ. ಅಳಿಸಿದ್ದನ್ನೆಲ್ಲ ಪ್ರಯೋಗಾಲಯ ಮರಳಿ ತರುತ್ತದೆ ಎಂಬ ನಂಬಿಕೆ ಜನರಲ್ಲಿ ಗಟ್ಟಿಯಾಗಿದೆ. ಅದು ಈಗಿನ ಫೋನುಗಳ ಮಟ್ಟಿಗೆ ನಿಜವಲ್ಲ.

ಮುದ್ದೆಮಾಲು ಕೋಣೆಯಲ್ಲಿ ಮೂರು ದಿನ

ಸಾಕ್ಷ್ಯವೆಲ್ಲ ಫೋನಿನೊಳಗೇ ಸೇರಿತು ಎಂದಮೇಲೆ ಫೋನು ಕೈಗೆ ಸಿಕ್ಕಿದ ಕ್ಷಣವೇ ನಿರ್ಣಾಯಕ. ಒಮ್ಮೆಯಾದರೂ ಪಾಸ್‌ಕೋಡ್ ಹಾಕಿ ತೆರೆದು ಮತ್ತೆ ಲಾಕ್ ಆದ ಫೋನಿನಲ್ಲಿ ಹಲವು ಕೀಲಿಗಳು ಮೆಮೊರಿಯಲ್ಲಿ ಇರುತ್ತವೆ. ಆ ಸ್ಥಿತಿಯಲ್ಲಿ ಪ್ರಯೋಗಾಲಯದ ಉಪಕರಣಗಳಿಗೆ ಒಂದಿಷ್ಟು ದಾರಿ ಇರುತ್ತದೆ. ಆದರೆ ಫೋನು ರೀಬೂಟ್ ಆದರೆ ಆ ಕೀಲಿಗಳು ಹೋಗುತ್ತವೆ, ದಾರಿ ಬಹುಪಾಲು ಮುಚ್ಚುತ್ತದೆ. ಐಒಎಸ್ 18ರ ಸರಣಿಯಲ್ಲಿ ಆ್ಯಪಲ್, 2025ರ ಏಪ್ರಿಲ್‌ನ ಅಪ್‌ಡೇಟಿನಲ್ಲಿ ಗೂಗಲ್, ಸುಮಾರು ಮೂರು ದಿನ ಯಾರೂ ತೆರೆಯದ ಫೋನು ತಾನಾಗಿ ರೀಬೂಟ್ ಆಗುವ ವ್ಯವಸ್ಥೆ ತಂದವು. ಕಳ್ಳನ ಕೈಗೆ ಸಿಕ್ಕ ಫೋನಿನಿಂದ ಮಾಲೀಕರ ಬದುಕು ಸೋರಿಹೋಗಬಾರದು ಎಂಬುದು ಉದ್ದೇಶ. ಅದು ಒಳ್ಳೆಯದೇ. ಆದರೆ ಫೋನಿಗೆ ಕಳ್ಳ ಯಾರು, ಪೊಲೀಸ್ ಯಾರು ಎಂಬ ಭೇದ ತಿಳಿಯದು. ಮಹಜರು ಬರೆದು, ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಮುದ್ದೆಮಾಲು ಕೋಣೆಯಲ್ಲಿಟ್ಟು, ವಾರ ಕಳೆದ ಮೇಲೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುವ ಹಳೆಯ ಕ್ರಮದಲ್ಲಿ ಈ ಮೂರು ದಿನ ಯಾರಿಗೂ ಗೊತ್ತಾಗದಂತೆ ಕಳೆದುಹೋಗುತ್ತದೆ.

ಹೊಸ ಕಾನೂನು ಏನನ್ನು ಕೇಳುತ್ತದೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ಸ್ಮಾರ್ಟ್‌ಫೋನಿನ ಸಂದೇಶವನ್ನು ದಾಖಲೆಯ ವ್ಯಾಖ್ಯೆಯಲ್ಲೇ ಸೇರಿಸಿಕೊಂಡಿದೆ. ವಿದ್ಯುನ್ಮಾನ ದಾಖಲೆಯ ಪ್ರತಿಯ ಜೊತೆ ಕೊಡಬೇಕಾದ, ಹಳೆಯ ಸಾಕ್ಷ್ಯ ಕಾನೂನಿನ 65ಬಿ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಖಚಿತಪಡಿಸಿತ್ತು; ಮೂಲ ಸಾಧನವನ್ನೇ ಅದರ ಮಾಲೀಕರು ಸಾಕ್ಷಿಕಟ್ಟೆಗೆ ತಂದರೆ ಪ್ರಮಾಣಪತ್ರ ಬೇಡ ಎಂದೂ ಹೇಳಿತ್ತು. ಈಗ ಆ ಜಾಗಕ್ಕೆ 63ನೇ ಸೆಕ್ಷನ್ ಬಂದಿದೆ. ಪ್ರಮಾಣಪತ್ರಕ್ಕೆ ಎರಡು ಭಾಗ: ಮೊದಲನೆಯದನ್ನು ದಾಖಲೆ ಸಲ್ಲಿಸುವವರು, ಎರಡನೆಯದನ್ನು ಪರಿಣತರು ತುಂಬಬೇಕು. ಎರಡರಲ್ಲೂ ಹ್ಯಾಶ್ ಮೌಲ್ಯ ನಮೂದಿಸಬೇಕು.

ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಎಸ್‌ಎಚ್‌ಎ 256 ವಿಧಾನದಲ್ಲಿ ಯಾವುದೇ ಫೈಲು, ಚಿಕ್ಕದಿರಲಿ ದೊಡ್ಡದಿರಲಿ, 64 ಚಿಹ್ನೆಗಳ ಒಂದು ಸಾಲಾಗುತ್ತದೆ. ಒಳಗೆ ಒಂದೇ ಒಂದು ಕೊಂಬು, ದೀರ್ಘ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಚಾಲೂ ಇರುವ ಫೋನು ಕ್ಷಣಕ್ಷಣಕ್ಕೂ ತನ್ನೊಳಗೆ ಬರೆದುಕೊಳ್ಳುತ್ತಲೇ ಇರುವುದರಿಂದ ಬೆಳಿಗ್ಗೆ ತೆಗೆದ ಪೂರ್ಣ ಪ್ರತಿಗೂ ಸಂಜೆ ತೆಗೆದ ಪೂರ್ಣ ಪ್ರತಿಗೂ ಹ್ಯಾಶ್ ಹೊಂದುವುದಿಲ್ಲ. ಅದು ತಿರುಚಿದ್ದಕ್ಕೆ ಸಾಕ್ಷಿಯಲ್ಲ. ಹ್ಯಾಶ್ ಹೇಳುವುದು ಪ್ರತಿ ತೆಗೆದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ ಎಂಬುದನ್ನು ಮಾತ್ರ. ಪ್ರತಿ ತೆಗೆಯುವ ಮೊದಲು ಫೋನಿನಲ್ಲಿ ಏನಾಯಿತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಜಪ್ತಿಯನ್ನು ವಿಡಿಯೊದಲ್ಲಿ ದಾಖಲಿಸಬೇಕೆನ್ನುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಈ ಖಾಲಿ ಜಾಗವನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಸಿವಿಲ್ ದಾವೆ ಹೂಡುವ ಸಾಮಾನ್ಯರಿಗೆ ಪ್ರಮಾಣಪತ್ರದ ಎರಡನೆಯ ಭಾಗ ತುಂಬುವ ಪರಿಣತರನ್ನು ಎಲ್ಲಿಂದ ತರುವುದು ಎಂಬುದೇ ಮೊದಲ ತಲೆನೋವು.

ಅಳಿಸಿದವರನ್ನು ಏನು ಮಾಡಬೇಕು

ಸಂದೇಶ ಒಬ್ಬರ ಫೋನಿನಲ್ಲಷ್ಟೇ ಇದ್ದರೆ ಅದನ್ನು ಇಲ್ಲವಾಗಿಸುವ ಶಕ್ತಿಯೂ ಅವರ ಕೈಯಲ್ಲೇ ಇರುತ್ತದೆ. ಅಮೆರಿಕದ ಸಿವಿಲ್ ದಾವೆಗಳಲ್ಲಿ ವಿಚಾರಣೆಗೆ ಮೊದಲೇ ಎರಡೂ ಕಡೆಯವರು ದಾಖಲೆಗಳನ್ನು ಬಿಚ್ಚಿಡುವ ಡಿಸ್ಕವರಿ ಎಂಬ ಘಟ್ಟವಿದೆ. ಕಾಪಾಡಬೇಕಿದ್ದ ವಿದ್ಯುನ್ಮಾನ ದಾಖಲೆ ಕಳೆದುಹೋದರೆ ಏನು ಮಾಡಬೇಕೆಂದು ಅಲ್ಲಿನ ನಿಯಮಾವಳಿಯ 37(ಇ) ಹೇಳುತ್ತದೆ: ಎದುರಾಳಿಗೆ ಸಿಗಬಾರದೆಂಬ ಉದ್ದೇಶದಿಂದಲೇ ನಾಶ ಮಾಡಿದ್ದು ಸಾಬೀತಾದರೆ, ಅದರಲ್ಲಿದ್ದದ್ದು ನಾಶ ಮಾಡಿದವರಿಗೆ ವಿರುದ್ಧವಾಗಿಯೇ ಇತ್ತೆಂದು ಭಾವಿಸಬಹುದು. ಗೇಮ್ ತಯಾರಿಸುವ ಎಪಿಕ್ ಕಂಪನಿ ಗೂಗಲ್ ಮೇಲೆ ಹೂಡಿದ ದಾವೆಯಲ್ಲಿ, ನೌಕರರ ಆಂತರಿಕ ಚಾಟ್‌ಗಳು 24 ಗಂಟೆಯಲ್ಲಿ ಅಳಿಸಿಹೋಗಲು ಬಿಟ್ಟದ್ದಕ್ಕಾಗಿ ನ್ಯಾಯಾಧೀಶ ಜೇಮ್ಸ್ ಡೊನಾಟೊ 2023ರಲ್ಲಿ ಗೂಗಲನ್ನು ತಪ್ಪಿತಸ್ಥ ಎಂದರು. ಆ ಡಿಸೆಂಬರ್‌ನಲ್ಲಿ ಜ್ಯೂರಿ ಎಪಿಕ್ ಪರ ತೀರ್ಪಿತ್ತಿತು. ಮರುವರ್ಷ ಅಮೆರಿಕ ಸರ್ಕಾರವೇ ಹೂಡಿದ್ದ ಬೇರೊಂದು ಮೊಕದ್ದಮೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಇದೇ ಅಭ್ಯಾಸವನ್ನು ಕಟುವಾಗಿ ಟೀಕಿಸಿದರೂ ಶಿಕ್ಷೆ ವಿಧಿಸಲಿಲ್ಲ.

ನಮ್ಮಲ್ಲಿಯೂ ಉಪಕರಣಗಳಿಲ್ಲದಿಲ್ಲ. ವಾಣಿಜ್ಯ ನ್ಯಾಯಾಲಯಗಳ ದಾವೆಗಳಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶ ವಿದ್ಯುನ್ಮಾನ ದಾಖಲೆಗಳನ್ನೂ ಬಹಿರಂಗಪಡಿಸಲು ಹೇಳುತ್ತದೆ. ಸಾಕ್ಷ್ಯವಾಗಿ ಬರಬಾರದೆಂದು ವಿದ್ಯುನ್ಮಾನ ದಾಖಲೆ ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಆದರೆ ದಾವೆಯ ಸೂಚನೆ ಸಿಕ್ಕ ಮೇಲೆ ಮಾಯವಾಗುವ ಸಂದೇಶದ ಗಡಿಯಾರವನ್ನು ನಿಲ್ಲಿಸಬೇಕೇ, ಯಾವ ದಿನದಿಂದ ನಿಲ್ಲಿಸಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳುವ ನಿಯಮ ಬೇಕು. ತಾನಾಗಿ ಅಳಿಸಿಹೋದದ್ದಕ್ಕೂ ಅಳಿಸಿದ್ದಕ್ಕೂ ನಡುವಿನ ಗೆರೆ ಈಗ ಒಂದು ಸೆಟ್ಟಿಂಗ್‌ನಷ್ಟು ತೆಳುವಾಗಿದೆ.

ಎದುರುಬದುರು ನಿಂತ ವಾದಗಳು

ಬೀಗ ಬಿದ್ದ ಸಂದೇಶಗಳ ಸಮಸ್ಯೆಗೆ ನಮ್ಮ ಸರ್ಕಾರದ ಮೊದಲ ಉತ್ತರ ಜಾಡು ಪತ್ತೆ. 2021ರ ಫೆಬ್ರುವರಿ 25ರ ಐಟಿ ನಿಯಮಗಳ 4(2)ರ ಪ್ರಕಾರ, ಗಂಭೀರ ಅಪರಾಧಗಳಲ್ಲಿ ಆದೇಶ ಬಂದರೆ ದೊಡ್ಡ ಮೆಸೇಜಿಂಗ್ ಕಂಪನಿಗಳು ಸಂದೇಶವನ್ನು ಮೊದಲು ಹುಟ್ಟುಹಾಕಿದವರನ್ನು ಗುರುತಿಸಿಕೊಡಬೇಕು. ಗುಂಪುದಾಳಿಗೆ ಪ್ರಚೋದಿಸುವ ವದಂತಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳು ಹರಡುವಾಗ ಮೂಲ ಹಿಡಿಯದೆ ಕೈಕಟ್ಟಿ ಕೂರಲಾಗದು ಎಂಬ ಆತಂಕ ನಿಜವಾದದ್ದು. ವಾಟ್ಸ್‌ಆ್ಯಪ್ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಎನ್‌ಕ್ರಿಪ್ಷನ್ ಮುರಿಯಲೇಬೇಕೆಂದರೆ ದೇಶ ಬಿಡಬೇಕಾಗುತ್ತದೆ ಎಂದು 2024ರ ಏಪ್ರಿಲ್‌ನಲ್ಲಿ ಅದರ ವಕೀಲರು ಹೇಳಿದ್ದು ದೊಡ್ಡ ಸುದ್ದಿಯಾಗಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಪರಿಹಾರ ಇಲ್ಲಿಲ್ಲ. ಯಾರು ಮೊದಲು ಕಳಿಸಿದರೆಂದು ಮುಂದೆಂದೋ ಹೇಳಬೇಕಾದರೆ ಎಲ್ಲರ ಎಲ್ಲ ಸಂದೇಶಗಳಿಗೂ ಇಂದೇ ಗುರುತು ಹಾಕಿಡಬೇಕು. ಅಷ್ಟಾದರೂ, ಬೇರೆ ಆ್ಯಪ್‌ನಿಂದ ತಂದು ಅಂಟಿಸಿದ ಅಮಾಯಕರೇ ಮೊದಲಿಗರಾಗಿ ಸಿಕ್ಕಿಬೀಳಬಹುದು. ಆದ್ದರಿಂದ ಇದು ತಪ್ಪು ಮದ್ದು ಎಂದೇ ಹೇಳಬೇಕಾಗುತ್ತದೆ.

ಎರಡನೆಯ ಉತ್ತರ ಸಿಮ್‌ಗೆ ಕಟ್ಟಿಹಾಕುವುದು. ನೋಂದಾಯಿಸಿದ ಸಿಮ್ ಫೋನಿನಲ್ಲಿ ಇಲ್ಲದಿದ್ದರೆ ಆ್ಯಪ್ ನಡೆಯಬಾರದು, ಕಂಪ್ಯೂಟರಿನಲ್ಲಿ ತೆರೆದ ಖಾತೆ ಆರು ಗಂಟೆಗೊಮ್ಮೆ ಲಾಗ್ ಔಟ್ ಆಗಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ನಿರ್ದೇಶಿಸಿತು. ಸಿಮ್ ಎಸೆದ ಮೇಲೂ ಅದೇ ಸಂಖ್ಯೆಯ ಖಾತೆಯಿಂದ ದೂರದೇಶದಲ್ಲಿ ಕುಳಿತು ವಂಚಿಸುವವರಿಗೆ ಇದು ಅಡ್ಡಿ. ಆದರೆ ಸಿಮ್ ಯಾರ ಹೆಸರಿನಲ್ಲಿದೆ ಎಂಬುದು ಟೈಪ್ ಮಾಡಿದ ಬೆರಳು ಯಾರದೆಂದು ಹೇಳುವುದಿಲ್ಲ.

ಮೂರನೆಯದು ಪಾಸ್‌ವರ್ಡ್. 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಶೋಧನಾ ವಾರಂಟ್ ಇದ್ದಾಗ ಪಾಸ್‌ವರ್ಡ್ ಕೊಡಿಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಸಿದಂತೆ ಆಗುವುದಿಲ್ಲ ಎಂದಿತು. ಫೋನು ಜಪ್ತಿ ಮಾಡುವಾಗ ಅನುಸರಿಸಬೇಕಾದ ಕ್ರಮವನ್ನೂ ವಿವರವಾಗಿ ಬರೆಯಿತು. 2022ರ ಅಕ್ಟೋಬರ್‌ನಲ್ಲಿ ದೆಹಲಿಯ ವಿಶೇಷ ಸಿಬಿಐ ನ್ಯಾಯಾಲಯ ಇದಕ್ಕೆ ವ್ಯತಿರಿಕ್ತವಾಗಿ, ಪಾಸ್‌ವರ್ಡ್ ಹೇಳುವಂತೆ ಆರೋಪಿಯನ್ನು ಒತ್ತಾಯಿಸಲಾಗದು ಎಂದಿತು. ಒಂದು ಪ್ರಕರಣದ ನಾಲ್ಕು ಸಂದೇಶಗಳಿಗಾಗಿ ಇಡೀ ಫೋನು ತೆರೆದಾಗ ಹೆಂಡತಿ ಮಕ್ಕಳ ಫೋಟೊ, ವೈದ್ಯರ ಚೀಟಿ, ಬ್ಯಾಂಕಿನ ಲೆಕ್ಕ, ವಕೀಲರೊಂದಿಗಿನ ಮಾತು ಎಲ್ಲವೂ ಬಯಲಾಗುತ್ತವೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾರೊಂದಿಗಿನ ಸಂಭಾಷಣೆ ಎಂದು ವಾರಂಟೇ ಗೆರೆ ಹಾಕಬೇಕು, ಆ ಗೆರೆಯನ್ನು ಸಂಸತ್ತು ಕಾನೂನಿನಲ್ಲೇ ಬರೆಯಬೇಕು. ಜಾಲದಲ್ಲಿ ಸಿಗುತ್ತಿದ್ದದ್ದು ನಿಂತುಹೋದಂತೆಲ್ಲ ಫೋನಿನ ಮೇಲಿನ ಒತ್ತಡ ಹೆಚ್ಚುವುದು ಖಂಡಿತ. ಈ ಕೆಲಸ ತಡವಾದರೆ ನಷ್ಟ ನಾಗರಿಕರಿಗೆ.

ನಕಲು ಇಟ್ಟವರ ಕಥೆ

ಕಂಪನಿಗಳಂತೆ ಎಲ್ಲರೂ ನಕಲು ಕಾದಿಟ್ಟರೆ ಸಮಸ್ಯೆ ಮುಗಿಯಿತೇ? 2025ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಅಂದಿನ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕ್ ವಾಲ್ಟ್ಜ್ ಸಚಿವ ಸಂಪುಟ ಸಭೆಯಲ್ಲಿ ಫೋನು ನೋಡುತ್ತಿದ್ದ ಒಂದು ಚಿತ್ರ ಪ್ರಕಟವಾಯಿತು. ಪರದೆಯ ಮೇಲಿದ್ದದ್ದು ಸಿಗ್ನಲ್ ಎಂಬ ಎನ್‌ಕ್ರಿಪ್ಷನ್ ಇರುವ ಮೆಸೇಜಿಂಗ್ ಆ್ಯಪ್‌ನಂತೆಯೇ ಕಾಣುವ, ಆದರೆ ಪ್ರತಿ ಸಂದೇಶದ ನಕಲನ್ನೂ ಸಂಗ್ರಹಕ್ಕೆ ಕಳಿಸುವ ಟೆಲಿಮೆಸೇಜ್ ಕಂಪನಿಯ ಆ್ಯಪ್. ಕೆಲವೇ ದಿನಗಳಲ್ಲಿ ಒಬ್ಬ ಹ್ಯಾಕರ್ ಆ ಕಂಪನಿಯ ಸರ್ವರಿಗೆ ನುಗ್ಗಿ ಬಳಕೆದಾರರ ಮಾಹಿತಿ ಕದ್ದ, ಸೇವೆಯೇ ನಿಂತಿತು. ಸಿಗ್ನಲ್‌ನ ಬೀಗ ಮುರಿದಿರಲಿಲ್ಲ. ಕೋರ್ಟಿಗಾಗಿ, ಕಡತಕ್ಕಾಗಿ ಪಕ್ಕದಲ್ಲಿ ತೆಗೆದಿಟ್ಟ ನಕಲಿಗೆ ಬೀಗ ಸಡಿಲವಿತ್ತು. ಫೋನಿನೊಳಗೆ ಸಂಗ್ರಹ ಮಾಡುವ ಪ್ರತಿಯೊಂದು ಹೊಸ ವ್ಯವಸ್ಥೆಯೂ ಈ ಪ್ರಶ್ನೆಗೆ ಉತ್ತರ ಕೊಡಬೇಕು: ಆ ನಕಲು ಎಲ್ಲಿ ಮಲಗುತ್ತದೆ, ಅದರ ಕೀಲಿ ಯಾರ ಬಳಿ?

ದೂರು ಕೊಡಬೇಕಾದವರು ತಿಳಿದಿರಬೇಕಾದದ್ದು

ಬೆದರಿಕೆಗೋ ವಂಚನೆಗೋ ಸಿಕ್ಕ ಸಾಮಾನ್ಯರು ಭಯಕ್ಕೆ, ನಾಚಿಕೆಗೆ ಮೊದಲು ಮಾಡುವ ಕೆಲಸ ಚಾಟ್ ಅಳಿಸುವುದು. ಮೇಲಿನದನ್ನೆಲ್ಲ ನೋಡಿದರೆ ಅದೇ ದೊಡ್ಡ ನಷ್ಟ, ಏಕೆಂದರೆ ಅವರ ಫೋನಿನ ಪ್ರತಿಯೇ ಉಳಿದಿರುವ ಏಕೈಕ ಪ್ರತಿಯಾಗಿರಬಹುದು. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಸಂಭಾಷಣೆಯಲ್ಲಿ ಮಾಯವಾಗುವ ಸಂದೇಶದ ಗಡುವು ಚಾಲೂ ಇದ್ದರೆ ಆಫ್ ಮಾಡಬೇಕು. ಆಗಲೂ ಹಳೆಯ ಸಂದೇಶಗಳು ತಮ್ಮ ಗಡುವಿಗೆ ಮಾಯವಾಗುವುದರಿಂದ ಅವುಗಳ ಚಿತ್ರವನ್ನು ಕೂಡಲೇ ಇನ್ನೊಂದು ಫೋನಿನಿಂದ ತೆಗೆದುಕೊಳ್ಳುವುದು ಒಳ್ಳೆಯದು. ಪ್ರಕರಣ ಮುಗಿಯುವವರೆಗೆ ಆ ಫೋನನ್ನು ಮಾರಬಾರದು, ರೀಸೆಟ್ ಮಾಡಬಾರದು. ಬರೀ ಸ್ಕ್ರೀನ್‌ಶಾಟ್ ಸಾಲದು, ಏಕೆಂದರೆ ಅದರ ತಲೆಯ ಮೇಲಿರುವ ಹೆಸರು ನಮ್ಮ ಫೋನಿನಲ್ಲಿ ನಾವೇ ಬರೆದುಕೊಂಡದ್ದು. ಯಾವ ಸಂಖ್ಯೆಗೆ ಯಾರ ಹೆಸರನ್ನಾದರೂ ಇಡಬಹುದು. ಆ ಹೆಸರಿನ ಮೇಲೆ ಒತ್ತಿ, ದೇಶದ ಕೋಡ್ ಸಹಿತ ಪೂರ್ತಿ ಸಂಖ್ಯೆ ಕಾಣುವ ಪುಟದ ಚಿತ್ರವನ್ನೂ ಜೊತೆಗೆ ಇಟ್ಟುಕೊಳ್ಳಬೇಕು.